ಟೈರ್ ಒಳಗಿನ ಪಟ್ಟಿ: ನಮ್ಮ ಹೆಬ್ಬಾಳ, ಭಾಗ 4

ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸೈಕಲ್ ತುಳಿಯೋರಿಗೆ ಗೊತ್ತು, ಗುಂಡಿ ಜೊತೆಗೆ ಮೊಳೆ, ಕಬ್ಬಿಣದ ಚೂರುಗಳ ಕಾಟ. ಶಿಫ್ಟ್‌ಗೆ ಹೊರಟವರಿಗೆ ಒಂದು ಪಂಕ್ಚರ್ ಅಂದ್ರೆ ಲೇಟ್ ಗ್ಯಾರಂಟಿ.

ಮೊದಲು ಸೈಕಲ್‌ಗೆ ಇದ್ದಿದ್ದು ಗಟ್ಟಿ ರಬ್ಬರ್ ಟೈರ್. ಪಂಕ್ಚರ್ ಇಲ್ಲ, ಆದ್ರೆ ಮೈಯೆಲ್ಲ ನೋವು. ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್‌ಗೆ ಗಾಳಿ ಟೈರ್ ಹಾಕಿ, 1888ರಲ್ಲಿ ಪೇಟೆಂಟ್ ಪಡೆದರು. ಸವಾರಿ ಮೆತ್ತಗಾಯ್ತು, ಮುಳ್ಳಿಗೂ ದಾರಿ ಆಯ್ತು.

ಆಮೇಲೆ ಬಂದ ಉಪಾಯ, ರಬ್ಬರ್ ಅಡಿ ಒಂದು ಗಟ್ಟಿ ಪಟ್ಟಿ. 1965ರಲ್ಲಿ ಅಮೆರಿಕದ ಸ್ಟೆಫನಿ ಕ್ವೊಲೆಕ್ ಕಂಡುಹಿಡಿದ ನಾರಿನಿಂದ ಕೆವ್ಲಾರ್ ಬಂತು. ಬುಲೆಟ್‌ಪ್ರೂಫ್ ಜಾಕೆಟ್‌ನಲ್ಲಿರೋ ಅದೇ ನಾರು ಇವತ್ತು ಕೆಲವು ಸೈಕಲ್ ಟೈರ್‌ಗಳಲ್ಲೂ ಇದೆ. ನಮ್ಮ ಪಕ್ಕದ ಮೇಟಗಳ್ಳಿಯ ವಿಕ್ರಾಂತ್ ಟೈರ್ಸ್ ಗೊತ್ತಲ್ಲ? 1997ರಲ್ಲಿ ಜೆಕೆ ಟೈರ್ ಕೈಗೆ ಹೋಯ್ತು. ಅಲ್ಲಿ ತಯಾರಾಗೋ ಲಾರಿಗಳ ರೇಡಿಯಲ್ ಟೈರ್‌ನಲ್ಲೂ ರಬ್ಬರ್ ಅಡಿ ಉಕ್ಕಿನ ತಂತಿ ಪಟ್ಟಿ ಇರುತ್ತೆ.

ಅದಕ್ಕೇ ಅಂಗಡೀಲಿ ದಪ್ಪ ಬಟನ್ ನೋಡಿ ಮರುಳಾಗ್ಬೇಡಿ. "ಒಳಗೆ ಪಂಕ್ಚರ್ ತಡೆಯೋ ಪಟ್ಟಿ ಇದ್ಯಾ?" ಅಂತ ಕೇಳಿ. ಫ್ರೇಮ್‌ಗೆ ಹೊಂದೋ ಅಗಲದ ಟೈರ್ ತಗೊಳ್ಳಿ. ಗಾಳಿ ಟೈರ್ ಬದಿಯಲ್ಲಿ ಬರೆದಷ್ಟಿರಲಿ. ಕಮ್ಮಿಯಾದ್ರೆ ಗುಂಡೀಲಿ ಟ್ಯೂಬ್ ರಿಮ್‌ಗೆ ಸಿಕ್ಕಿ ಹರಿಯುತ್ತೆ, ಅದನ್ನ ಯಾವ ಪಟ್ಟಿನೂ ತಡೆಯಲ್ಲ.

ರೇಟ್ ಜಾಸ್ತೀನೇ. ಆದ್ರೆ ಪ್ಯಾಚ್ ದುಡ್ಡು, ಮಿಸ್ಸಾದ ಕ್ಲಾಸು ಎಲ್ಲ ಸೇರಿಸಿ ಕಾಸ್ಟ್ ಲೆಕ್ಕ ಹಾಕಿ, ಬಿಕಾಂ ಫ್ರೆಂಡ್ಸ್!