ಹಂಪಿಯ ನಕ್ಷೆಯಲ್ಲಿ ಯಾರ ಊರಿದೆ?

ಹಂಪಿಯ ನಕ್ಷೆ ಹಾಕಿ ಬ್ಯಾನರ್ ಮಾಡಿಕೊಡಿ ಎಂದು ಫ್ಲೆಕ್ಸ್ ಅಂಗಡಿಯಲ್ಲಿ ಕೇಳಿ ನೋಡಿ. ‘ಸಿಡಿಆರ್ ಫೈಲ್ ಐತೇನ್ರಿ?’ ಎಂಬ ಪ್ರಶ್ನೆ ಮೊದಲು ಬರುತ್ತದೆ. ವಾಟ್ಸಾಪ್‌ನಲ್ಲಿ ಬಂದ ಫೋಟೊವನ್ನು ದೊಡ್ಡದು ಮಾಡಿದರೆ ಮಸುಕಾಗುತ್ತದೆ, ಊರ ಹೆಸರು ಓದಲು ಬರುವುದಿಲ್ಲ. ವೆಕ್ಟರ್ ನಕ್ಷೆ ಹಾಗಲ್ಲ. ಅದು ಚುಕ್ಕಿ ರಂಗೋಲಿ ಇದ್ದಂತೆ. ಚುಕ್ಕಿ ಎಲ್ಲಿ, ಗೆರೆ ಎಲ್ಲಿಂದ ಎಲ್ಲಿಗೆ ಎಂಬ ಲೆಕ್ಕ ಇದ್ದರೆ ಸಾಕು, ಅಂಗೈಯಗಲ ಬರೆದರೂ ಅಂಗಳದ ತುಂಬ ಬರೆದರೂ ಗೆರೆ ಒಡೆಯುವುದಿಲ್ಲ. ಹೊಳೆ, ಗುಡ್ಡ, ರಸ್ತೆ, ಗುಡಿ, ಊರ ಹೆಸರು ಇವೆಲ್ಲ ಬೇರೆ ಬೇರೆ ಪದರಗಳಲ್ಲಿ ಇರುತ್ತವೆ. ಬೇಕಾದ್ದನ್ನು ಇಟ್ಟುಕೊಂಡು ಬೇಡವಾದ್ದನ್ನು ತೆಗೆಯಬಹುದು.

ಕಂಪ್ಯೂಟರಿನ ಈ ವಿದ್ಯೆ ಹೊಸದು. ಆದರೆ ತುಂಗಭದ್ರೆಯ ದಂಡೆಯ ಹಂಪಿಯ ನಕ್ಷೆ ಪದರ ಪದರವಾಗಿ ಬೆಳೆಯತೊಡಗಿ ಇನ್ನೂರು ವರ್ಷ ದಾಟಿವೆ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷ ನಿಜಾಮ ನಮ್ಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕಂಪನಿಗೆ ಹೊಸ ನೆಲದ ಅಳತೆ ಬೇಕಿತ್ತು. ಆ ಹೊತ್ತಿನಲ್ಲಿ ಹಂಪಿಯ ಮೊದಲ ಸರ್ವೆ ನಕ್ಷೆ ಮಾಡಿಸಿದವನು ಸ್ಕಾಟ್ಲೆಂಡಿನ ಕಾಲಿನ್ ಮೆಕೆಂಝಿ. ಮುಂದೆ 1815ರಲ್ಲಿ ಇವನೇ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಮೆಕೆಂಝಿಗೆ ಇಲ್ಲಿನ ಭಾಷೆಗಳು ಬರುತ್ತಿರಲಿಲ್ಲ. ಕಾವಲಿ ವೆಂಕಟ ಬೋರಯ್ಯ ಮತ್ತು ಅವರ ತಮ್ಮಂದಿರು ಅವನಿಗೆ ಕಣ್ಣು ಕಿವಿ ಆಗಿದ್ದರು. ಇಂಥ ಸಹಾಯಕರು ಊರೂರು ತಿರುಗಿ ಶಾನುಭೋಗರನ್ನು, ಹಿರಿಯರನ್ನು ಕೇಳಿ ಬರೆಸಿಕೊಂಡ ಊರ ಚರಿತ್ರೆಗಳೇ ಕೈಫಿಯತ್ತುಗಳು. ಹೇಳಿದವರು ಹಳ್ಳಿಯವರು. ಹೆಸರಾದದ್ದು ಮಾತ್ರ ಮೆಕೆಂಝಿ.

ಇನ್ನೊಂದು ದೊಡ್ಡ ಪದರ ಬಿದ್ದದ್ದು 1980ರ ನಂತರ. ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ಎಂಬ ವಿದ್ವಾಂಸರ ತಂಡ ವರ್ಷಗಟ್ಟಲೆ ಹಂಪಿಯ ಬಂಡೆಗಳ ನಡುವೆ ಓಡಾಡಿ ಗುಡಿ, ಮಂಟಪ, ಕೋಟೆಗೋಡೆ, ಹಳೆಯ ದಾರಿಗಳನ್ನು ಅಳೆದು ನಕ್ಷೆಗೆ ತಂದಿತು. ಕಣ್ಣಿಗೆ ಬರೀ ಕಲ್ಲುರಾಶಿಯಾಗಿ ಕಾಣುತ್ತಿದ್ದ ಜಾಗ ಆಗ ಬೀದಿ, ಬಾಗಿಲು, ಕಾಲುವೆ ಇರುವ ಪಟ್ಟಣವಾಗಿ ಕಂಡಿತು.

1986ರಲ್ಲಿ ಹಂಪಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಅಲ್ಲಿಂದ ನಕ್ಷೆಯ ಗೆರೆಗೆ ಕಾನೂನಿನ ಬಲ ಬಂತು. ಹೊಳೆಗೆ ಅಡ್ಡಲಾಗಿ ಸೇತುವೆ ಕಟ್ಟಲು ಹೊರಟದ್ದರಿಂದ 1999ರಲ್ಲಿ ಹಂಪಿಯನ್ನು ‘ಅಪಾಯದಲ್ಲಿರುವ’ ತಾಣಗಳ ಪಟ್ಟಿಗೆ ಹಾಕಿದರು. ಅದರಿಂದ ಹೊರಬಂದದ್ದು 2006ರಲ್ಲಿ. ಆನೆಗೊಂದಿಯವರಿಗೆ ಸೇತುವೆ ಎಂದರೆ ಆಸ್ಪತ್ರೆಗೆ, ಸಂತೆಗೆ ದಾರಿ. ನಕ್ಷೆ ನೋಡುವವರಿಗೆ ಅದು ಸ್ಮಾರಕಗಳ ನಡುವೆ ಬಂದ ಕಾಂಕ್ರೀಟು. 2011ರ ಜುಲೈನಲ್ಲಿ ವಿರೂಪಾಕ್ಷ ಗುಡಿಯ ಎದುರಿನ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರ ಮನೆ, ಅಂಗಡಿಗಳಿಗೆ ಜೆಸಿಬಿ ನುಗ್ಗಿತು. ಸ್ಮಾರಕ ಉಳಿಯಬೇಕು, ನಿಜ. ಆದರೆ ನಕ್ಷೆಯಲ್ಲಿ ಮಂಟಪ ಇತ್ತು, ಅದರೊಳಗೆ ಒಲೆ ಹಚ್ಚುತ್ತಿದ್ದವರು ಇರಲಿಲ್ಲ.

ಗೆರೆಯ ಆಟ ನಮಗೂ ಹೊಸದಲ್ಲ. ಹರಪನಹಳ್ಳಿ 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಊರು ಇದ್ದಲ್ಲೇ ಇದೆ. ಬದಲಾದದ್ದು ಕಚೇರಿಗೆ ಅಲೆಯುವ ದಾರಿ.

ಈಗ ನಕ್ಷೆಯ ಪೆನ್ನು ನಮ್ಮ ಕೈಗೂ ಬಂದಿದೆ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಯಾರು ಬೇಕಾದರೂ ಖಾತೆ ತೆರೆದು ತಮ್ಮೂರ ದಾರಿ, ಕೆರೆ, ಗುಡಿಯನ್ನು ಸೇರಿಸಬಹುದು, ಹೆಸರನ್ನು ಕನ್ನಡದಲ್ಲೂ ಬರೆಯಬಹುದು. ಅಲ್ಲಿಂದ ನಕ್ಷೆಯನ್ನು ಎಸ್‌ವಿಜಿ ಫೈಲಾಗಿ ಇಳಿಸಿಕೊಂಡು ಜಾತ್ರೆಯ ಪೋಸ್ಟರಿಗೋ ಶಾಲೆಯ ಗೋಡೆಗೋ ಬೇಕಾದಂತೆ ತಿದ್ದಿ ಬಳಸಬಹುದು. ದುಡ್ಡು ಕೊಡಬೇಕಿಲ್ಲ, ನಕ್ಷೆ ಅವರದು ಎಂದು ಕೆಳಗೆ ಬರೆದರೆ ಆಯಿತು.

ನಾವು ಬರೆಯದಿದ್ದರೆ ಬೇರೆಯವರು ಬರೆಯುತ್ತಾರೆ. ಹಂಪಿಯ ಆಚೆ ದಂಡೆಯ ವಿರೂಪಾಪುರ ಗಡ್ಡೆ ಪ್ರವಾಸಿಗರ ಬಾಯಲ್ಲಿ ‘ಹಿಪ್ಪಿ ಐಲ್ಯಾಂಡ್’ ಆದದ್ದು ಹೀಗೆಯೇ. ನಮ್ಮ ಇಟ್ಟಿಗಿಯನ್ನೂ ಕೊಪ್ಪಳ ಜಿಲ್ಲೆಯಲ್ಲಿ ಮಹಾದೇವ ಗುಡಿ ಇರುವ ಇಟಗಿಯನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಹೊರಗಿನವರಿಗೆ ಎರಡೂ ಒಂದೇ. ಕನ್ನಡದಲ್ಲಿ ಬರೆದರೆ ಆ ಗೊಂದಲ ಇಲ್ಲ.

ಹಳ್ಳ, ಗುಡ್ಡ, ಓಣಿಗಳ ಹಳೆಯ ಹೆಸರು ಗೊತ್ತಿರುವ ಹಿರಿಯರು ಪ್ರತಿ ಊರಲ್ಲೂ ಇನ್ನೂ ಇದ್ದಾರೆ. ಬೋರಯ್ಯನವರ ಕಾಲದವರು ಕಟ್ಟೆಯ ಮೇಲೆ ಕೂತು ಕೇಳಿ ಬರೆದುಕೊಂಡಂತೆ, ಈ ವಾರ ನೀವೂ ಒಬ್ಬರನ್ನು ಕೇಳಿ, ಬರೆದುಕೊಳ್ಳಿ, ನಕ್ಷೆಗೆ ಸೇರಿಸಿ.