ಗುಡ್ಡಗಾಡು ಜನವಸತಿಗಳಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆ ಮತ್ತು ಶಾಲಾ ಕಟ್ಟಡ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ರಾಜ್ಯದ ಪಶ್ಚಿಮ ಘಟ್ಟ, ಬಿಳಿಗಿರಿರಂಗನ ಬೆಟ್ಟ ಹಾಗೂ ಮಲೆ ಮಹದೇಶ್ವರ ಬೆಟ್ಟ ಪ್ರದೇಶಗಳಲ್ಲಿ ಅನೇಕ ಹಾಡಿ, ಪೋಡು ಮತ್ತು ದೊಡ್ಡಿಗಳು ಮುಖ್ಯ ಗ್ರಾಮದಿಂದ ದೂರದಲ್ಲಿವೆ. ಇಂತಹ ಕಡೆಗಳಲ್ಲಿ ಆರು ವರ್ಷದ ಮಗು ಶಾಲೆ ತಲುಪಲು ಕಾಡುಪ್ರಾಣಿಗಳ ಸಂಚಾರವಿರುವ ಹಾದಿಯನ್ನು ಅಥವಾ ಮಳೆಗಾಲದಲ್ಲಿ ತುಂಬಿ ಹರಿಯುವ ಹಳ್ಳವನ್ನು ದಾಟಬೇಕಾಗುತ್ತದೆ. ಹಾದಿಯ ಭಯದಿಂದ ಶಾಲೆ ಬಿಟ್ಟ ಮಗುವನ್ನು ಮರಳಿ ಕರೆತರುವುದು ಸುಲಭವಲ್ಲ. ಶಾಲೆಯನ್ನು ಕೋರುವ ನಿವಾಸಿಗಳು ತಿಳಿದಿರಬೇಕಾದ ಕಾನೂನು ಅವಕಾಶಗಳನ್ನೂ ಅನುಸರಿಸಬೇಕಾದ ಕ್ರಮಗಳನ್ನೂ ಇಲ್ಲಿ ನೀಡಲಾಗಿದೆ.

ಕಾನೂನಿನ ಆಧಾರ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009 ದಿನಾಂಕ 1-4-2010ರಿಂದ ಜಾರಿಯಲ್ಲಿದೆ. ಸದರಿ ಅಧಿನಿಯಮದ ಮೇರೆಗೆ 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ನೆರೆಹೊರೆಯಲ್ಲಿ ಶಾಲೆ ಇಲ್ಲದಿದ್ದಲ್ಲಿ ಅದನ್ನು ಸ್ಥಾಪಿಸುವ ಹೊಣೆಯನ್ನು 6ನೇ ಪ್ರಕರಣವು ಸರ್ಕಾರ ಮತ್ತು ಸ್ಥಳೀಯ ಪ್ರಾಧಿಕಾರಕ್ಕೆ ವಹಿಸಿದೆ.

ಕೇಂದ್ರ ಸರ್ಕಾರದ 2010ರ ನಿಯಮಗಳಂತೆ 1ರಿಂದ 5ನೇ ತರಗತಿಗೆ 1 ಕಿ.ಮೀ. ಹಾಗೂ 6ರಿಂದ 8ನೇ ತರಗತಿಗೆ 3 ಕಿ.ಮೀ. ನಡಿಗೆಯ ದೂರವನ್ನು ನೆರೆಹೊರೆ ಎಂದು ಪರಿಗಣಿಸಲಾಗುತ್ತದೆ. ದುರ್ಗಮ ಪ್ರದೇಶ, ಭೂಕುಸಿತ, ಪ್ರವಾಹ, ರಸ್ತೆ ಇಲ್ಲದಿರುವುದು ಮೊದಲಾದ ಅಪಾಯಗಳಿರುವೆಡೆ ಈ ಮಿತಿಯನ್ನು ಕಡಿಮೆ ಮಾಡಲು ಅವಕಾಶವಿದೆ. ಆದುದರಿಂದ ಅರ್ಜಿಯಲ್ಲಿ ದೂರವನ್ನಷ್ಟೇ ತಿಳಿಸದೆ ಹಾದಿಯ ಸ್ವರೂಪವನ್ನೂ ವಿವರಿಸುವುದು ಅಗತ್ಯ.

ಅರ್ಜಿಯಲ್ಲಿ ನೀಡಬೇಕಾದ ವಿವರಗಳು

ಕೋರಿಕೆಯನ್ನು ಗ್ರಾಮ ಪಂಚಾಯಿತಿಯ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯುವುದು. ಈ ಕೆಳಕಂಡ ವಿವರಗಳಿದ್ದಲ್ಲಿ ಪರಿಶೀಲನೆಗೆ ಅನುಕೂಲವಾಗುತ್ತದೆ.

1. ಜನವಸತಿಯ ಹೆಸರು, ಕುಟುಂಬಗಳ ಸಂಖ್ಯೆ ಮತ್ತು 14 ವರ್ಷದೊಳಗಿನ ಮಕ್ಕಳ ಪಟ್ಟಿ. ಶಾಲೆ ಬಿಟ್ಟ ಮಕ್ಕಳನ್ನು ಪ್ರತ್ಯೇಕವಾಗಿ ನಮೂದಿಸುವುದು.
2. ಹತ್ತಿರದ ಶಾಲೆಗೆ ಇರುವ ನಡಿಗೆಯ ದೂರ, ಹಳ್ಳ, ಕಡಿದಾದ ಇಳಿಜಾರು ಹಾಗೂ ಕಾಡುಪ್ರಾಣಿಗಳ ಹಾವಳಿಯ ವಿವರ.
3. ಮಳೆಗಾಲದಲ್ಲಿ ಸಂಪರ್ಕ ಕಡಿತಗೊಳ್ಳುವ ಅವಧಿ.
4. ಸೂಚಿತ ನಿವೇಶನ, ಅದರ ಒಡೆತನ ಮತ್ತು ಸಮೀಪದ ಕುಡಿಯುವ ನೀರಿನ ಮೂಲ.

ನಿವೇಶನವು ಅರಣ್ಯ ಭೂಮಿಯಾಗಿದ್ದಲ್ಲಿ

ಗುಡ್ಡಗಾಡು ಶಾಲೆಗಳ ವಿಷಯದಲ್ಲಿ ಕೋರಿಕೆಯು ನಿವೇಶನದ ಕಾರಣಕ್ಕೆ ನಿಂತುಹೋಗುವ ಸಂಭವವಿರುತ್ತದೆ. ಅರಣ್ಯ ಭೂಮಿ ಎಂಬ ಒಂದೇ ಕಾರಣದಿಂದ ಶಾಲೆ ಅಸಾಧ್ಯವೆಂದು ಭಾವಿಸಬೇಕಾಗಿಲ್ಲ. ಅರಣ್ಯ ಹಕ್ಕುಗಳ ಮಾನ್ಯತೆ ಅಧಿನಿಯಮ, 2006ರ 3(2)ನೇ ಪ್ರಕರಣವು ಸರ್ಕಾರ ನಿರ್ವಹಿಸುವ ಶಾಲೆ, ಅಂಗನವಾಡಿ, ಔಷಧಾಲಯ ಮುಂತಾದ ಸೌಲಭ್ಯಗಳಿಗೆ ಅರಣ್ಯ ಭೂಮಿಯನ್ನು ಬಳಸಲು ಅವಕಾಶ ಕಲ್ಪಿಸಿದೆ. ಇದಕ್ಕೆ ಮೂರು ಷರತ್ತುಗಳಿವೆ:

1. ಪ್ರತಿ ಪ್ರಕರಣದಲ್ಲಿ ಭೂಮಿಯ ವಿಸ್ತೀರ್ಣ 1 ಹೆಕ್ಟೇರಿಗಿಂತ ಕಡಿಮೆ ಇರಬೇಕು.
2. ಕಡಿಯಬೇಕಾದ ಮರಗಳು ಹೆಕ್ಟೇರಿಗೆ 75ನ್ನು ಮೀರಬಾರದು.
3. ಗ್ರಾಮಸಭೆಯು ಶಿಫಾರಸು ಮಾಡಿರಬೇಕು.

ಇಲ್ಲಿ ಗ್ರಾಮಸಭೆ ಎಂದರೆ ಗ್ರಾಮದ ಎಲ್ಲ ವಯಸ್ಕರ ಸಭೆ. ಪಂಚಾಯಿತಿ ಸದಸ್ಯರ ಸಭೆಯ ನಡವಳಿ ಇದಕ್ಕೆ ಪರ್ಯಾಯವಾಗುವುದಿಲ್ಲ. 2012ರಲ್ಲಿ ತಿದ್ದುಪಡಿಯಾದ ನಿಯಮಗಳಂತೆ ಗ್ರಾಮಸಭೆಯ ಕೋರಂಗೆ ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಂದಿ ಹಾಜರಿರಬೇಕು. ಹಾಜರಾದವರಲ್ಲಿ ಮೂರನೇ ಒಂದು ಭಾಗದಷ್ಟಾದರೂ ಮಹಿಳೆಯರಿರಬೇಕು. ಹಾಜರಾತಿ ಸಹಿಗಳಿರುವ ನಡವಳಿಯ ಪ್ರತಿಯನ್ನು ನಿವಾಸಿಗಳು ತಮ್ಮಲ್ಲಿಯೂ ಇರಿಸಿಕೊಳ್ಳುವುದು. ಭೂಮಿಯ ಪ್ರಸ್ತಾವನೆಯನ್ನು ಕಟ್ಟಡ ನಿರ್ಮಿಸುವ ಇಲಾಖೆಯು ಅರಣ್ಯ ಇಲಾಖೆಗೆ ಸಲ್ಲಿಸುತ್ತದೆ. ನಿವೇಶನವು ವನ್ಯಜೀವಿಧಾಮ ಅಥವಾ ಹುಲಿ ಸಂರಕ್ಷಿತ ಪ್ರದೇಶದಲ್ಲಿದ್ದರೆ ಬೇರೆ ಅನುಮತಿ ಬೇಕೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು.

ಕಟ್ಟಡದ ಮಾನಕಗಳು

ಶಿಕ್ಷಣ ಹಕ್ಕು ಅಧಿನಿಯಮದ ಅನುಸೂಚಿಯಂತೆ ಶಾಲಾ ಕಟ್ಟಡವು ಎಲ್ಲ ಹವಾಮಾನಕ್ಕೂ ತಕ್ಕುದಾಗಿರಬೇಕು. ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ಕೊಠಡಿ, ಕಚೇರಿ ಹಾಗೂ ದಾಸ್ತಾನಿಗೆ ಒಂದು ಕೊಠಡಿ, ಅಂಗವಿಕಲ ಮಕ್ಕಳಿಗೆ ಅಡೆತಡೆಯಿಲ್ಲದ ಪ್ರವೇಶ, ಬಾಲಕ ಬಾಲಕಿಯರಿಗೆ ಪ್ರತ್ಯೇಕ ಶೌಚಾಲಯ, ಸುರಕ್ಷಿತ ಕುಡಿಯುವ ನೀರು, ಬಿಸಿಯೂಟದ ಅಡುಗೆ ಕೋಣೆ, ಆಟದ ಮೈದಾನ ಮತ್ತು ಆವರಣ ಗೋಡೆ ಅಥವಾ ಬೇಲಿ ಇರತಕ್ಕದ್ದು. 1ರಿಂದ 5ನೇ ತರಗತಿಯವರೆಗೆ 60 ಮಕ್ಕಳಿದ್ದಲ್ಲಿ ಇಬ್ಬರು, 61ರಿಂದ 90 ಮಕ್ಕಳಿಗೆ ಮೂವರು ಶಿಕ್ಷಕರಿರಬೇಕು.

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಮಗ್ರಿ ಸಾಗಣೆ ಕಷ್ಟವಾಗುವುದರಿಂದ, ಮಳೆ ನಿಂತ ಕೂಡಲೇ ಕಾಮಗಾರಿ ಆರಂಭವಾಗುವಂತೆ ಭೂಮಿಯ ದಾಖಲೆಗಳನ್ನು ಮುಂಚಿತವಾಗಿ ಸಿದ್ಧಪಡಿಸಿಕೊಳ್ಳುವುದು ಸೂಕ್ತ. ನಿವೇಶನವು ಗುಡ್ಡ ಕುಸಿಯುವ ಇಳಿಜಾರಿನಲ್ಲಿಯೂ ಹಳ್ಳದ ಪಾತ್ರದಲ್ಲಿಯೂ ಇರಬಾರದು.

ಮಕ್ಕಳ ಸಂಖ್ಯೆ ಕಡಿಮೆ ಇದ್ದಲ್ಲಿ

ಶಾಲೆ ತೆರೆಯಲಾಗದ ಸಣ್ಣ ಜನವಸತಿಗಳ ಮಕ್ಕಳಿಗೆ ಉಚಿತ ಸಾರಿಗೆ, ವಸತಿ ಮೊದಲಾದ ವ್ಯವಸ್ಥೆ ಮಾಡತಕ್ಕದ್ದೆಂದು 2010ರ ನಿಯಮಗಳು ತಿಳಿಸುತ್ತವೆ. ಶಾಲೆಗಾಗಿ ಸಲ್ಲಿಸುವ ಅರ್ಜಿಯಲ್ಲಿಯೇ, ಕಟ್ಟಡ ಸಿದ್ಧವಾಗುವವರೆಗೆ ಈ ಸೌಲಭ್ಯವನ್ನೂ ಕೋರುವುದು ಸೂಕ್ತ. ಜನನ ಪ್ರಮಾಣ ಪತ್ರ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ (14ನೇ ಪ್ರಕರಣ).

ಕೆಲವೇ ಮಕ್ಕಳಿರುವ ಶಾಲೆಯಲ್ಲಿ ಕಲಿಕೆ ಸಾಗದು ಎಂಬ ಆತಂಕ ಬೇಡ. ಹಲವು ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ಪದ್ಧತಿಯು 1995ರಲ್ಲಿ ಆರಂಭವಾದದ್ದು ಕಾಡಂಚಿನ ಹಾಡಿಗಳಿರುವ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿಯೇ.

ಪೋಷಕರ ಪಾತ್ರ

ಶಾಲೆ ಆರಂಭವಾದ ಬಳಿಕ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್.ಡಿ.ಎಂ.ಸಿ.) ರಚನೆಯಾಗುತ್ತದೆ. ಅಧಿನಿಯಮದಂತೆ ಸಮಿತಿಯ ಸದಸ್ಯರಲ್ಲಿ ನಾಲ್ಕನೇ ಮೂರು ಭಾಗ ಪೋಷಕರು ಹಾಗೂ ಅರ್ಧದಷ್ಟು ಮಹಿಳೆಯರಿರಬೇಕು. ಶಿಕ್ಷಕರ ಹಾಜರಾತಿ, ಬಿಸಿಯೂಟ ಮತ್ತು ಅನುದಾನದ ಬಳಕೆಯನ್ನು ಗಮನಿಸುವುದು ಸಮಿತಿಯ ಕರ್ತವ್ಯ. ದೂರದ ಬೆಟ್ಟದ ಶಾಲೆಗೆ ಮೇಲಧಿಕಾರಿಗಳ ಭೇಟಿ ವಿರಳವಾಗಬಹುದಾದ್ದರಿಂದ ಪೋಷಕರ ಈ ನಿಗಾ ಅಲ್ಲಿ ಹೆಚ್ಚು ಮುಖ್ಯವಾಗುತ್ತದೆ.

ಕುಂದುಕೊರತೆ

ಕೋರಿಕೆಗೆ ಸ್ಪಂದನೆ ದೊರೆಯದಿದ್ದಲ್ಲಿ 32ನೇ ಪ್ರಕರಣದಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ನೀಡಬಹುದು. ದೂರನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ತೀರ್ಮಾನದಿಂದ ಬಾಧಿತರಾದವರು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಅರ್ಜಿಯ ಸ್ಥಿತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೋರಿದಲ್ಲಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

ಹೆಚ್ಚಿನ ವಿವರಗಳಿಗೆ ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸುವುದು.