ಜೋಮು ಹಿಡಿದ ಪಾದ ಮತ್ತು ಬೆಳಕಿನ ಚಿಕಿತ್ಸೆ

ತುಮಕೂರು ಜಿಲ್ಲೆಯ ಪಾವಗಡ, ಮಧುಗಿರಿ, ಸಿರಾ, ಕೊರಟಗೆರೆ ತಾಲ್ಲೂಕುಗಳು ಮಳೆ ಕಡಿಮೆಯಾದ ಕಲ್ಲುನೆಲದ ಸೀಮೆ. ರಾಗಿ, ಕಡಲೆಕಾಯಿ ಹೊಲಗಳಲ್ಲಿ ದುಡಿಯುವ ಇಲ್ಲಿನ ಕೂಲಿಕಾರರಿಗೆ ಕಾಲೇ ಆಸ್ತಿ. ಆ ಆಸ್ತಿಯನ್ನು ಸದ್ದಿಲ್ಲದೆ ಕಸಿಯುವ ರೋಗಗಳಲ್ಲಿ ಕುಷ್ಠವೂ ಒಂದು.

ಕುಷ್ಠವೆಂದರೆ ಚರ್ಮದ ರೋಗವೆಂದೇ ಜನರ ಎಣಿಕೆ. ನಿಜವಾಗಿ ಅದು ಹೆಚ್ಚು ಕೆಡಿಸುವುದು ನರಗಳನ್ನು. 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಕಂಡುಹಿಡಿದ ಇದರ ರೋಗಾಣು ಚರ್ಮಕ್ಕೆ ಹತ್ತಿರವಾಗಿ ಹಾಯುವ ನರಗಳಲ್ಲಿ ನೆಲೆಸುತ್ತದೆ. ಮೊಣಕಾಲಿನ ಕೆಳಗೆ ಹೊರಬದಿಯ ಎಲುಬನ್ನು ಬಳಸಿ ಹೋಗುವ ನರ ಕೆಟ್ಟರೆ ಪಾದವನ್ನು ಮೇಲೆತ್ತಲಾಗದು. ನಡೆಯುವಾಗ ಬೆರಳು ನೆಲಕ್ಕೆ ಉಜ್ಜುತ್ತದೆ. ಕಣಕಾಲಿನ ಒಳಬದಿಯ ನರ ಕೆಟ್ಟರೆ ಅಂಗಾಲು ಜೋಮು. ಮುಳ್ಳು ಹೊಕ್ಕರೂ ತಿಳಿಯದು, ಗಾಯ ಹುಣ್ಣಾಗುತ್ತದೆ.

ಬ್ರಿಟಿಷ್ ಇಂಡಿಯಾದ 1898ರ ಕಾಯಿದೆ ನಿರ್ಗತಿಕ ರೋಗಿಗಳನ್ನು ಹಿಡಿದು ಬೇರೆಯಾಗಿ ಇಡಲು ಅವಕಾಶ ಕೊಟ್ಟಿತ್ತು. ಅದು ರದ್ದಾದದ್ದು 2016ರಲ್ಲಿ. 1940ರ ದಶಕದಲ್ಲಿ ಡ್ಯಾಪ್ಸೋನ್ ಬಂತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಕ್ರಮವನ್ನು ಸೂಚಿಸಿದರು. ಪಾವಗಡದಲ್ಲಿ ಸ್ವಾಮಿ ಜಪಾನಂದರ ಸ್ವಾಮಿ ವಿವೇಕಾನಂದ ಸಮಗ್ರ ಗ್ರಾಮೀಣ ಆರೋಗ್ಯ ಕೇಂದ್ರ ಕುಷ್ಠ ಮತ್ತು ಕ್ಷಯ ನಿವಾರಣೆಗೆ ದುಡಿಯಿತು. ದೇಶದಲ್ಲಿ ರೋಗಿಗಳ ಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿದದ್ದು 2005ರ ಡಿಸೆಂಬರಿನಲ್ಲಿ.

ಆದರೆ ಔಷಧಿ ರೋಗಾಣುವನ್ನು ಕೊಲ್ಲುತ್ತದೆಯೇ ಹೊರತು ಸತ್ತ ನರವನ್ನು ಬದುಕಿಸುವುದಿಲ್ಲ. ಲೇಸರ್ ಮೇಲೆ ಆಸೆ ಹುಟ್ಟಿದ್ದು ಇಲ್ಲಿ. ಲೇಸರ್ ಬೆಳಕು ಮೊದಲು ಮೂಡಿದ್ದು 1960ರಲ್ಲಿ, ಅಮೆರಿಕದ ಮೈಮನ್ ಪ್ರಯೋಗಾಲಯದಲ್ಲಿ. 1967ರಲ್ಲಿ ಬುಡಾಪೆಸ್ಟ್‌ನ ವೈದ್ಯ ಎಂಡ್ರೆ ಮೆಸ್ಟರ್, ಕೂದಲು ಬೋಳಿಸಿದ ಇಲಿಗಳ ಮೈಮೇಲೆ ಮಂದ ಲೇಸರ್ ಹಾಯಿಸಿದಾಗ ಕೂದಲು ಬೇಗ ಬೆಳೆದದ್ದನ್ನು ಕಂಡರು. ಸುಡದ ಈ ಬೆಳಕು ಜೀವಕೋಶಗಳನ್ನು ಚುರುಕುಗೊಳಿಸಬಹುದೆಂಬ ಊಹೆಯಿಂದ ಹುಣ್ಣಿಗೆ, ನೋವಿಗೆ, ಪೆಟ್ಟಾದ ನರಕ್ಕೆ ಅದರ ಬಳಕೆ ಹಬ್ಬಿತು. ಇಲಿಗಳ ಕಾಲಿನ ನರದ ಮೇಲೆ ನಡೆದ ಹಲವು ಪ್ರಯೋಗಗಳು ಭರವಸೆ ತೋರಿವೆ. ಮನುಷ್ಯರಲ್ಲಿ ಪುರಾವೆ ಇನ್ನೂ ತೆಳು. ಕುಷ್ಠದ ಹುಣ್ಣುಗಳ ಮೇಲೆ ಬ್ರೆಜಿಲ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮಾಮೂಲು ಆರೈಕೆಗಿಂತ ಹೆಚ್ಚಿನ ಲಾಭವೇನೂ ಲೇಸರ್‌ನಿಂದ ಕಾಣಲಿಲ್ಲ.

ಪೆಟ್ಟಾದ ನರ ಚಿಗುರಿದರೂ ದಿನಕ್ಕೆ ಬೆಳೆಯುವುದು ಸುಮಾರು ಒಂದು ಮಿಲಿಮೀಟರ್. ಮೊಣಕಾಲಿನಿಂದ ಪಾದಕ್ಕೆ ಹೆಚ್ಚುಕಡಿಮೆ ಒಂದು ವರ್ಷದ ದಾರಿ. ಹೀಗಾಗಿ ನಂಬಬಹುದಾದ ದಾರಿ ಹಳೆಯದೇ: ನರ ನೊಂದ ಮೊದಲ ತಿಂಗಳುಗಳಲ್ಲೇ ಸ್ಟೀರಾಯ್ಡ್ ಮಾತ್ರೆ, ವ್ಯಾಯಾಮ, ಮೆತ್ತನೆಯ ರಬ್ಬರ್ ಚಪ್ಪಲಿ, ದಿನವೂ ಅಂಗಾಲು ನೋಡಿಕೊಳ್ಳುವ ರೂಢಿ. ಎತ್ತಲಾಗದ ಪಾದಕ್ಕೆ ಸ್ನಾಯುರಜ್ಜು ಬದಲಿಸುವ ಶಸ್ತ್ರಚಿಕಿತ್ಸೆಯೂ ಇದೆ. ಮೈಮೇಲೆ ಸ್ಪರ್ಶ ತಿಳಿಯದ ತಿಳಿಬಣ್ಣದ ಮಚ್ಚೆ ಕಂಡ ದಿನವೇ ಆಸ್ಪತ್ರೆಗೆ ಹೋದರೆ ಇವುಗಳಲ್ಲಿ ಹಲವು ಬೇಕಾಗುವುದೇ ಇಲ್ಲ. ಹಾಗೆ ಹೋಗಲು ಅಡ್ಡಿಯಾಗುವುದು ಬಹುಪಾಲು ನಾಚಿಕೆ. ಅದಕ್ಕೆ ಯಾವ ಲೇಸರೂ ಮದ್ದಲ್ಲ.